ಎರಡನೆಯ ಹಾಳೆ

ನಮ್ಮ ಬೀದಿಯಲ್ಲಿ ಯಾರಿಗೆ ಜ್ವರ ಬಂದರೂ ಮಾತ್ರೆಯ ಪಟ್ಟಿ ಮೊದಲು ನಮ್ಮ ಮನೆಗೆ ಬರುತ್ತಿತ್ತು. ಎಪ್ಪತ್ತರ ದಶಕದ ಹೊಸೂರಿನಲ್ಲಿ ಇಂಗ್ಲಿಷ್ ಓದಬಲ್ಲ ಹೆಂಗಸರು ಇರಲಿಲ್ಲವೆಂದಲ್ಲ, ಟೀಚರುಗಳಿದ್ದರು. ಅವರು ಹಗಲೆಲ್ಲ ಶಾಲೆಯಲ್ಲಿರುತ್ತಿದ್ದರು, ನಾನು ಮನೆಯಲ್ಲಿರುತ್ತಿದ್ದೆ. ಅಷ್ಟೇ ವ್ಯತ್ಯಾಸ.

"ಅಕ್ಕಯ್ಯಾ, ಇದು ಉಂಡ್ಮೇಲಾ, ಉಣ್ಣೋಕ್ ಮುಂಚೇನಾ?" ಅಂತ ಹಾಲಿನವಳು ಬಾಗಿಲಲ್ಲೇ ನಿಂತು ಕೇಳುತ್ತಿದ್ದಳು.

"ಉಂಡ್ಮೇಲೆ. ಬರೀ ಹೊಟ್ಟೇಲಿ ನುಂಗಿದ್ರೆ ಹೊಟ್ಟೆ ಉರಿಯತ್ತೆ."

"ಅಂಗಾರೆ ಬಿಡಿ, ನಮ್ಮತ್ತೆ ಬರೀ ಹೊಟ್ಟೇಲೇ ನುಂಗ್ಲಿ," ಅಂದು ನಕ್ಕು ಹೋಗುವಳು. ಮಾರನೆಯ ದಿನ ಬಂದು, "ಉಂಡ್ಮೇಲೇ ಕೊಟ್ಟೆ ಅಕ್ಕಯ್ಯಾ, ಪಾಪ ಅನ್ನುಸ್ತು," ಅನ್ನುವಳು.

ನಾನು ಓದಿದ್ದು ಬೆಂಗಳೂರಿನ ಒಂದು ಕಾನ್ವೆಂಟಿನಲ್ಲಿ. ಅಲ್ಲಿ ವಾರಕ್ಕೊಮ್ಮೆ ಮನೆಯ ಆರೈಕೆಯ ಪಾಠವಿತ್ತು. ಥರ್ಮಾಮೀಟರನ್ನು ಮಣಿಕಟ್ಟಿನಿಂದ ಹೇಗೆ ಒದರಬೇಕು, ನಾಡಿ ಎಣಿಸುವಾಗ ಹೆಬ್ಬೆರಳನ್ನು ಯಾಕೆ ಇಡಬಾರದು, ಮಲಗಿದವರನ್ನು ಎಬ್ಬಿಸದೆ ಹಾಸಿಗೆಯ ಬಟ್ಟೆ ಹೇಗೆ ಬದಲಾಯಿಸಬೇಕು ಎಂದೆಲ್ಲ ಒಬ್ಬ ಸಿಸ್ಟರ್ ಕಲಿಸುತ್ತಿದ್ದರು. "ಹೆಸರು ಬರೆಯಲು ಬಾರದ ಔಷಧಿಯನ್ನು ನುಂಗಬೇಡಿ" ಎಂಬುದು ಅವರ ಮಾತು. ನಾನು ಅದನ್ನು ದೇವರ ಮಾತಿನಂತೆ ಪಾಲಿಸಿದವಳು. ಡಾಕ್ಟರ ಹತ್ತಿರ ಹೋಗುವಾಗ ಕಾಯಿಲೆ ಯಾವತ್ತು ಶುರುವಾಯಿತು, ಎಷ್ಟು ಹೊತ್ತಿಗೆ ಹೆಚ್ಚುತ್ತದೆ, ಏನು ತಿಂದಾಗ ಇಳಿಯುತ್ತದೆ ಎಂದು ಒಂದು ಚೀಟಿಯಲ್ಲಿ ಬರೆದುಕೊಂಡು ಹೋಗುತ್ತಿದ್ದೆ. ಹೊಸೂರಿನ ನಮ್ಮ ಡಾಕ್ಟರು, "ನೀವು ಬಂದ್ರೆ ನನಗೆ ಪರೀಕ್ಷೆಗೆ ಕೂತ ಹಾಗಮ್ಮ," ಅನ್ನುತ್ತಿದ್ದರು. ನಮ್ಮವರಿಗೆ ಅದರಲ್ಲಿ ಹೆಮ್ಮೆ. ಆಫೀಸಿನವರ ಮುಂದೆಯೂ ಹೇಳಿಕೊಳ್ಳುತ್ತಿದ್ದರು.

ಅವರು ಹೊಸೂರಿನವರೇ, ಸರ್ಕಾರದ ಒಂದು ಕಚೇರಿಯಲ್ಲಿ ಗುಮಾಸ್ತರು. ಮನೆಮಾತು ಕನ್ನಡವಾದರೂ ಊರು ತಮಿಳುನಾಡಿನ ಗಡಿಯೊಳಗಿದ್ದುದರಿಂದ ಒಂದನೇ ಕ್ಲಾಸಿನಿಂದ ಓದಿದ್ದೆಲ್ಲ ತಮಿಳಿನಲ್ಲಿ. ಕನ್ನಡ ಅಕ್ಷರ ಅವರಿಗೆ ಕಷ್ಟ. ನನಗೆ ತಮಿಳು ಮಾತಾಡಲು ಬರುತ್ತಿತ್ತು, ಸಂತೆಯಲ್ಲಿ ಚೌಕಾಶಿ ಮಾಡುವಷ್ಟು, ಪಕ್ಕದ ಮನೆಯವರ ಜೊತೆ ನಗುವಷ್ಟು. ಓದಲು ಮಾತ್ರ ಒಂದಕ್ಷರವೂ ಬರುತ್ತಿರಲಿಲ್ಲ. ನಾನು ತೌರಿಗೆ ಹೋದಾಗ ಅವರು ನನಗೆ ಕಾಗದ ಬರೆಯುತ್ತಿದ್ದುದು ಇಂಗ್ಲಿಷಿನಲ್ಲಿ. ಗಂಡ ಹೆಂಡತಿಗೆ ಇಂಗ್ಲಿಷಿನಲ್ಲಿ ಬರೆಯುತ್ತಾನೆಂದು ನಮ್ಮಕ್ಕ ಎಷ್ಟು ನಗುತ್ತಿದ್ದಳೋ. ಮನೆಗೆ ಬರುವ ಕಾಗದಪತ್ರಗಳನ್ನೂ ಹಾಗೇ ಹಂಚಿಕೊಂಡಿದ್ದೆವು. ಇಂಗ್ಲಿಷಿನದು ನನ್ನ ಪಾಲು, ತಮಿಳಿನದು ಅವರ ಪಾಲು. ಪಡಿತರ ಚೀಟಿ, ಶಾಲೆಯ ಕಾಗದ, ಕರೆಂಟಿನವರ ಕಾಗದ ಯಾವುದಾದರೂ ಅವರು ಓದಿ ಹೇಳುವರು, ಬೆರಳು ತೋರಿಸಿದ ಕಡೆ ನಾನು ಸಹಿ ಹಾಕುವೆನು. ಈ ಕಡೆಯ ಕನ್ನಡದ ಮನೆಗಳಲ್ಲಿ ಇದೇನೂ ವಿಶೇಷವಲ್ಲ. ಹತ್ತು ವರ್ಷ ಅವರು ಓದಿ ಹೇಳಿದ್ದರಲ್ಲಿ ಒಂದು ಮಾತೂ ಹೆಚ್ಚುಕಡಿಮೆ ಆಗಿರಲಿಲ್ಲ.

ನಮ್ಮ ಮೊದಲನೆಯವಳು ಹುಟ್ಟಿದ್ದು ಸಿಸೇರಿಯನ್ ಆಗಿ. ಅವಳಿಗೆ ಐದು ತುಂಬಿದಾಗ ನಾನು ಎರಡನೆಯ ಸಲ ಬಸುರಿ. ನನಗೆ ಮೂರು ಮಕ್ಕಳು ಬೇಕೆಂಬ ಆಸೆಯಿತ್ತು. ನಾವು ಅಕ್ಕತಂಗಿಯರು ನಾಲ್ವರು ಒಂದೇ ಮಂಚದಲ್ಲಿ ಅಡ್ಡಡ್ಡ ಮಲಗಿ ಬೆಳೆದವರು. ಒಂದು ಮಗು ಒಬ್ಬಳೇ ಆಡಿಕೊಳ್ಳುವುದನ್ನು ನೋಡಿದರೆ ನನಗೆ ಸಂಕಟವಾಗುತ್ತಿತ್ತು. ಅದನ್ನು ಅವರಿಗೂ ಹೇಳಿದ್ದೆ.

"ಊರೆಲ್ಲ ಸಾಕು ಸಾಕು ಅಂತಿರೋ ಕಾಲದಲ್ಲಿ ನೀನು ಬೇಕು ಅಂತೀಯಲ್ಲೇ," ಅಂದು ನಕ್ಕಿದ್ದರು.

ಆಗ ಗೋಡೆಗಳ ಮೇಲೆಲ್ಲ ಕುಟುಂಬ ಯೋಜನೆಯ ಕೆಂಪು ತ್ರಿಕೋನ. ಬಸ್ಸಿನ ಹಿಂಭಾಗದಲ್ಲಿ ಕೂಡ ನಗುವ ಅಪ್ಪ, ಅಮ್ಮ, ಎರಡು ಮಕ್ಕಳು. ಅದು ನನ್ನನ್ನು ಕುರಿತದ್ದೆಂದು ನನಗೆ ಅನ್ನಿಸಿಯೇ ಇರಲಿಲ್ಲ.

ಈ ಸಲವೂ ಸಿಸೇರಿಯನ್ನೇ ಅಂದಿದ್ದರಿಂದ ಕೃಷ್ಣಗಿರಿಯ ಕಡೆಯ ಒಂದು ಆಸ್ಪತ್ರೆಗೆ ಹೋದೆವು. ಆಸ್ಪತ್ರೆಯ ಹೆಸರು ಇಲ್ಲಿ ಬೇಡ. ಹಿಂದಿನ ದಿನವೇ ಸೇರಿಸಿಕೊಂಡರು. ಸಂಜೆ ನರ್ಸಮ್ಮ ಎರಡು ಹಾಳೆ ತಂದು, "ಇಂಗೆ ಕೈಯೆಳುತ್ತು ಪೋಡುಂಗಮ್ಮ," ಅಂದು ಸಹಿ ಹಾಕುವ ಜಾಗ ತೋರಿಸಿ, ಹಾಳೆಗಳನ್ನು ನಮ್ಮವರ ಕೈಗೆ ಕೊಟ್ಟು ಹೋದರು. ಎರಡೂ ತಮಿಳು. ಮೊದಲನೆಯದು ಬಿಳಿ, ಎರಡನೆಯದು ಮಾಸಲು ಹಳದಿ.

"ಓದಿ," ಅಂದೆ.

ಮೊದಲನೆಯ ಹಾಳೆಯನ್ನು ಸಾಲಿನ ಕೆಳಗೆ ಬೆರಳಿಟ್ಟುಕೊಂಡು ಓದಿದರು. ಪ್ರಜ್ಞೆ ತಪ್ಪಿಸುವುದಕ್ಕೆ, ಹೊಟ್ಟೆ ಕೊಯ್ಯುವುದಕ್ಕೆ, ಬೇಕಾದರೆ ರಕ್ತ ಕೊಡುವುದಕ್ಕೆ ನನ್ನ ಒಪ್ಪಿಗೆಯಿದೆ. ಸಹಿ ಹಾಕಿದೆ.

"ಇನ್ನೊಂದು?"

"ಇದೂ ಅದೇ. ಕಚೇರಿಗೆ ಒಂದು ಕಾಪಿ."

"ಇದು ಉದ್ದ ಇದೆಯಲ್ಲ ರೀ?"

"ಸರ್ಕಾರದ ಕಾಗದ ಯಾವತ್ತು ಗಿಡ್ಡ ಇತ್ತು? ಹಾಕು, ನರ್ಸು ಕಾಯ್ತಾ ಇದಾಳೆ."

ನರ್ಸು ಕಾಯುತ್ತಿರಲಿಲ್ಲ. ಅದೂ ನನಗೆ ಕಂಡಿತ್ತು. ಆಕೆ ಆಚೆಯ ಮಂಚದ ಹತ್ತಿರ ಯಾರದೋ ಗ್ಲೂಕೋಸಿನ ಬಾಟಲಿ ನೋಡುತ್ತಿದ್ದರು. ಎರಡನೆಯ ಹಾಳೆಯ ಮೇಲೆ ಅವರು ಬೆರಳಿಡಲಿಲ್ಲ ಎಂಬುದೂ ಕಂಡಿತ್ತು. ಕಂಡದ್ದನ್ನೆಲ್ಲ ಯೋಚಿಸುತ್ತೇವೆಯೆ? ನನ್ನ ಕಾನ್ವೆಂಟ್ ಅಕ್ಷರದಲ್ಲಿ, ಕೊನೆಯಲ್ಲಿ ಒಂದು ಸಣ್ಣ ಬಳ್ಳಿಯ ಹಾಗೆ ಎಳೆದು, ಸಹಿ ಹಾಕಿದೆ.

ಗಂಡು ಮಗು. ಒಂಬತ್ತು ದಿನ ಇತ್ತು. ಮೂರನೆಯ ದಿನದಿಂದಲೇ ಹಾಲು ಕುಡಿಯುವುದು ಕಡಿಮೆಯಾಯಿತು. ನಾನು ಎಷ್ಟು ಹೊತ್ತಿಗೆ ಎಷ್ಟು ಕುಡಿಯಿತು ಎಂದು ಬರೆದಿಡುತ್ತಿದ್ದೆ, ಡಾಕ್ಟರಮ್ಮನಿಗೆ ತೋರಿಸುತ್ತಿದ್ದೆ. ಆಕೆ ಚೀಟಿ ನೋಡಿ ತಲೆಯಾಡಿಸುತ್ತಿದ್ದರು. ಅದರ ಬಗ್ಗೆ ಇನ್ನು ಬರೆಯಲಾರೆ. ಮನೆಗೆ ಹೊರಡುವಾಗ ಡಿಸ್ಚಾರ್ಜ್ ಕಾಗದ ಕೇಳಿದೆ. ಎಲ್ಲ ಕಾಗದವನ್ನೂ ಇಟ್ಟುಕೊಳ್ಳುವ ಅಭ್ಯಾಸ ನನ್ನದು. "ಆಫೀಸಿಗೆ ಕೊಡಬೇಕು, ನನ್ನ ರಜೆಗೆ," ಅಂದರು ನಮ್ಮವರು. ಅಂಥ ಹೊತ್ತಿನಲ್ಲಿ ಕಾಗದಕ್ಕೆ ಯಾರು ಹಟ ಮಾಡುತ್ತಾರೆ.

ಒಂದು ವರ್ಷ ಕಳೆದ ಮೇಲೆ ನಾನೇ ಹೇಳಿದೆ, ಇನ್ನೊಂದು ಮಗು ಬೇಕು ಅಂತ. ಅವರು ಬೇಡವೆನ್ನಲಿಲ್ಲ. "ಆದಾಗ ಆಗಲಿ," ಅಂದರು. ಆಗಲಿಲ್ಲ. ಇನ್ನೊಂದು ವರ್ಷ ಕಳೆಯಿತು. ನಾನು ಸುಮ್ಮನೆ ಕೂರುವವಳಲ್ಲ. ಅಕ್ಕನ ಮನೆಯ ಇಂಗ್ಲಿಷ್ ಪತ್ರಿಕೆಗಳಲ್ಲಿ ಓದಿದೆ, ಬೆಂಗಳೂರಿನ ಲೈಬ್ರರಿಯಿಂದ ಅವಳು ಪುಸ್ತಕ ತಂದುಕೊಟ್ಟಳು. ಬೆಳಿಗ್ಗೆ ಹಾಸಿಗೆಯಿಂದ ಏಳುವ ಮೊದಲು, ಮಾತಾಡುವ ಮೊದಲು, ಥರ್ಮಾಮೀಟರನ್ನು ನಾಲಿಗೆಯ ಕೆಳಗಿಟ್ಟು ನೋಡಬೇಕು, ದಿನಾ ಬರೆದಿಡಬೇಕು, ತಿಂಗಳಲ್ಲಿ ಯಾವ ದಿನ ಅದು ಅರ್ಧ ಡಿಗ್ರಿ ಏರುತ್ತದೋ ನೋಡಬೇಕು, ಗರ್ಭ ನಿಲ್ಲುವ ದಿನಗಳು ಅದರಿಂದ ತಿಳಿಯುತ್ತವೆ ಎಂದು ಅದರಲ್ಲಿತ್ತು. ಮಗಳ ಚೌಕಳಿ ನೋಟುಪುಸ್ತಕ ಒಂದನ್ನು ತೆಗೆದುಕೊಂಡು ಗೆರೆ ಎಳೆಯತೊಡಗಿದೆ.

ಮೊದಲ ವಾರವೇ ನಿದ್ದೆಗಣ್ಣಿನಲ್ಲಿ ಒದರುವಾಗ ಒಂದು ಥರ್ಮಾಮೀಟರ್ ಮಂಚದ ಕಾಲಿಗೆ ತಗುಲಿ ಒಡೆಯಿತು. ಅಂದಿನಿಂದ ಅವರೇ ಒದರಿ ಕೊಡುತ್ತಿದ್ದರು. ದಿನಾ ಬೆಳಿಗ್ಗೆ ಎದ್ದು, ಕಿಟಕಿಯ ಬೆಳಕಿಗೆ ಹಿಡಿದು ಪಾದರಸ ಇಳಿದಿದೆಯೇ ನೋಡಿ, ನನ್ನ ಬಾಯಿಗೆ ಇಡುತ್ತಿದ್ದರು. ನಾನು ಮಾತಾಡುವಂತಿಲ್ಲವಾದ್ದರಿಂದ ಅವರೇ ಗಡಿಯಾರ ನೋಡುತ್ತಿದ್ದರು. ಎಷ್ಟು ಒಳ್ಳೆಯವರು ಅಂದುಕೊಳ್ಳುತ್ತಿದ್ದೆ. ಅಕ್ಕನಿಗೆ ಬರೆದ ಕಾಗದದಲ್ಲಿ ಹಾಗೇ ಬರೆದಿದ್ದೆ ಕೂಡ.

ನನ್ನ ಗೆರೆ ಪ್ರತಿ ತಿಂಗಳೂ ಸರಿಯಾದ ದಿನಕ್ಕೆ ಏರುತ್ತಿತ್ತು. ಪುಸ್ತಕದಲ್ಲಿ ಬರೆದಂತೆಯೇ. ಎಲ್ಲ ಸರಿಯಿದೆ, ಆದರೂ ಯಾಕಿಲ್ಲ? ಹೊಸೂರಿನ ಡಾಕ್ಟರಿಗೆ ನೋಟುಪುಸ್ತಕ ತೋರಿಸಿದೆ. ಅವರು ಶಕ್ತಿಯ ಮಾತ್ರೆ ಬರೆದರು. ಡೆಂಕಣಿಕೋಟೆಯ ಹತ್ತಿರದ ಒಬ್ಬ ಪಂಡಿತರ ಕಷಾಯ ಮೂರು ತಿಂಗಳು ಕುಡಿದೆ. ಅದರಲ್ಲಿ ಏನೇನು ಹಾಕಿದ್ದಾರೆ ಎಂದು ಕೇಳಿ ಬರೆದುಕೊಂಡೇ ಕುಡಿದೆ. "ಬಣ್ಣದ ಔಷಧಿ ಹಾಕಿ ಎಕ್ಸ್‌ರೇ ತೆಗೆಯುತ್ತಾರಂತೆ, ಬೆಂಗಳೂರಿನಲ್ಲಿ ಮಾಡಿಸೋಣ," ಅಂದರೆ ಮಾತ್ರ ಅವರು, "ಅದು ತುಂಬ ನೋವಂತೆ, ಯಾಕೆ ಸುಮ್ಮನೆ," ಅನ್ನುತ್ತಿದ್ದರು. ನನ್ನ ನೋವಿನ ಮೇಲೆ ಅಷ್ಟೊಂದು ಕನಿಕರ.

ಅವರ ಸೋದರತ್ತೆಯೊಬ್ಬರು ಡೆಂಕಣಿಕೋಟೆಯಿಂದ ಆಗಾಗ ಬರುತ್ತಿದ್ದರು. ಬಾಯಿ ಚುರುಕು. ಒಂದು ಸಲ ಹಜಾರದಲ್ಲಿ ಕೂತು ಅವರೆಕಾಯಿ ಸುಲಿಯುತ್ತಾ, ಎಲ್ಲರಿಗೂ ಕೇಳುವ ಹಾಗೆ ಹೇಳಿದರು.

"ಇಂಗ್ಲೀಸ್ ಓದವ್ಳೆ, ಮಾತ್ರೆ ಮೇಲೆ ಬರ್ದಿರೋದು ಓದ್ತಾಳೆ, ಡಾಕುಟ್ರುಗೇ ಪಾಟ ಏಳ್ತಾಳೆ. ಅವಳ ಹೊಟ್ಟೆ ಮಾತ್ರ ಅವಳ ಮಾತು ಕೇಳ್ತಿಲ್ವಲ್ಲಪ್ಪಾ."

ನಮ್ಮವರು ಅಲ್ಲೇ ಕೂತಿದ್ದರು. ಒಂದು ಅವರೆಕಾಯಿ ತೆಗೆದುಕೊಂಡು ಸಿಪ್ಪೆ ಬಿಡಿಸಿ, ಕಾಳನ್ನು ಮೊರಕ್ಕೆ ಹಾಕಿದರು. ನಾನು ಒಳಗೆ ಹೋಗಿ ಸಾರಿಗೆ ಒಗ್ಗರಣೆ ಹಾಕಿದೆ. ಆಗ ನನಗೆ ಅತ್ತೆಯ ಮೇಲೆ ಕೋಪ ಬಂದಿತ್ತು. ಸುಮ್ಮನಿದ್ದವರ ಮೇಲೆ ಬರಲಿಲ್ಲ.

ಹೀಗೆ ಐದು ವರ್ಷ. ಊರು ಬದಲಾಗುತ್ತಿತ್ತು, ಫ್ಯಾಕ್ಟರಿಗಳು ಬಂದವು, ಬೆಳಿಗ್ಗೆ ಸೈರನ್ ಕೇಳಿಸತೊಡಗಿತು, ಆಲಸನತ್ತಂ ಕಡೆ ಹೊಲಗಳಲ್ಲಿ ಸೈಟಿನ ಕಲ್ಲು ನೆಟ್ಟರು. ನನಗೆ ಮೂವತ್ತನಾಲ್ಕು ದಾಟಿತ್ತು. ಆ ಬೇಸಿಗೆ ರಜೆಯಲ್ಲಿ ಮಗಳನ್ನು ಕರೆದುಕೊಂಡು ತೌರಿಗೆ ಹೋದಾಗ ಅಕ್ಕ, "ನೋವಾದ್ರೆ ಆಗ್ಲಿ, ಎಕ್ಸ್‌ರೇ ತೆಗೆಸೋಣ ಬಾರೇ, ನಿನ್ನ ಗಂಡನಿಗೆ ಆಮೇಲೆ ಹೇಳಿದ್ರಾಯ್ತು," ಅಂದಳು. ಅವರಿಗೆ ಹೇಳದೆ ನಾನು ಮಾಡಿದ ಮೊದಲ ಕೆಲಸ ಅದು. ಆಟೋದಲ್ಲಿ ಹೋಗುವಾಗ ತಪ್ಪು ಮಾಡುತ್ತಿದ್ದೇನೆ ಅನ್ನಿಸುತ್ತಿತ್ತು.

ಎಕ್ಸ್‌ರೇ ನಿಜಕ್ಕೂ ನೋವೇ. ಅಲ್ಲಿನ ಡಾಕ್ಟರು ವಯಸ್ಸಾದವರು, ಫಿಲ್ಮನ್ನು ಕಿಟಕಿಗೆ ಹಿಡಿದು ತುಂಬ ಹೊತ್ತು ನೋಡಿದರು. ನಾನು ನೋಟುಪುಸ್ತಕವನ್ನು ಮೇಜಿನ ಮೇಲೆ ತೆರೆದಿಟ್ಟಿದ್ದೆ. ಅವರು ಅದರ ಪುಟಗಳನ್ನು ಒಂದೊಂದಾಗಿ ತಿರುವಿ, ಕನ್ನಡಕ ತೆಗೆದರು.

"ಇಷ್ಟೊಂದು ಚೆನ್ನಾಗಿ ಬರೆದಿದ್ದೀರಿ. ಆಪರೇಷನ್ ಮಾಡಿಸಿಕೊಂಡಿದ್ದನ್ನ ಯಾಕೆ ಹೇಳಲಿಲ್ಲ?"

"ಹೇಳಿದೆನಲ್ಲ ಡಾಕ್ಟರೇ, ಎರಡು ಸಿಸೇರಿಯನ್."

"ಅದಲ್ಲಮ್ಮ. ಔಷಧಿ ಎರಡೂ ಕಡೆಯ ಗರ್ಭನಾಳದಲ್ಲಿ ಒಂದೇ ಜಾಗಕ್ಕೆ ಬಂದು ನಿಂತಿದೆ. ಕಾಯಿಲೆಯಿಂದ ಹೀಗೆ ಸಮಸಮವಾಗಿ ನಿಲ್ಲಲ್ಲ. ಇದು ಯಾರೋ ಕಟ್ಟಿರೋದು. ಮಕ್ಕಳಾಗದ ಹಾಗೆ ಆಪರೇಷನ್ ಆಗಿದೆ ನಿಮಗೆ."

ಅಕ್ಕ ನನ್ನ ಕೈ ಹಿಡಿದುಕೊಂಡಳು. ನನಗೆ ಆ ಕ್ಷಣಕ್ಕೆ ಕಾಣಿಸಿದ್ದು ಮಾಸಲು ಹಳದಿ ಹಾಳೆ. ಆದರೂ ಬಾಯಿಂದ ಬಂದ ಮಾತು, "ಆಸ್ಪತ್ರೆಯವರು ತಪ್ಪು ಮಾಡಿರಬೇಕು," ಎಂದು. ಅಕ್ಕನಿಗೂ ಅದನ್ನೇ ಹೇಳಿದೆ. ಹಿಂದಿರುಗುವ ಬಸ್ಸು ಜೂಜುವಾಡಿಯ ಗಡಿಯ ಗೇಟಿನಲ್ಲಿ ಲಾರಿಗಳ ಹಿಂದೆ ಅರ್ಧ ಗಂಟೆ ನಿಂತಿತು. ಅಷ್ಟು ಹೊತ್ತೂ, ಆಸ್ಪತ್ರೆಯವರೇ ತಪ್ಪು ಮಾಡಿರಲಿ ದೇವರೇ ಎಂದು ಬೇಡಿಕೊಂಡೆ. ಪರರು ಮಾಡಿದ ತಪ್ಪಾದರೆ ಮನೆಗೆ ಹೋಗಿ ನಮ್ಮವರ ಹೆಗಲ ಮೇಲೆ ತಲೆಯಿಟ್ಟು ಅಳಬಹುದಿತ್ತು.

ಅವರಿಗೆ ಏನೂ ಹೇಳಲಿಲ್ಲ. ಶಾಲೆ ಶುರುವಾದ ಮೇಲೆ ಒಂದು ದಿನ, ಅವರು ಆಫೀಸಿಗೂ ಮಗಳು ಶಾಲೆಗೂ ಹೋದ ಮೇಲೆ, ಕೃಷ್ಣಗಿರಿಯ ಬಸ್ಸು ಹತ್ತಿದೆ. ಆ ಡಾಕ್ಟರಮ್ಮ ವರ್ಗವಾಗಿ ಹೋಗಿದ್ದರು, ಎಲ್ಲಿಗೆಂದು ಯಾರಿಗೂ ಗೊತ್ತಿರಲಿಲ್ಲ. ಹಾಳೆ ತಂದಿದ್ದ ನರ್ಸಮ್ಮ ಮಾತ್ರ ಇದ್ದರು, ತಲೆ ನರೆತಿತ್ತು. ಬೆಂಗಳೂರಿನ ಡಾಕ್ಟರು ಹಳೆಯ ವಿವರ ಕೇಳಿದ್ದಾರೆ ಎಂದು ತಮಿಳಿನಲ್ಲಿ ಹೇಳಿದೆ. ಇಸವಿ, ತಿಂಗಳು, ತಾರೀಖು ಎಲ್ಲ ನನ್ನ ಬಾಯಲ್ಲೇ ಇತ್ತು. ಆಕೆ ಬೀರುವಿನಿಂದ ಉದ್ದನೆಯ ರಿಜಿಸ್ಟರು ತೆಗೆದರು. ಆಕೆಗೆ ತೆಲುಗು, ಕನ್ನಡ ಎಲ್ಲ ಅಷ್ಟಿಷ್ಟು ಬರುತ್ತಿತ್ತು.

"ಇದೋ. ಸಿಸೇರಿಯನ್ ಜೊತೆಗೇ ಕುಟುಂಬ ಯೋಜನೆ ಆಪರೇಷನ್ನೂ ಆಯ್ತು. ಯಾಕಮ್ಮಾ, ನಿಮಗೆ ಗೊತ್ತಿಲ್ಲವಾ?"

"ಯಾರೂ ನನಗೆ ಹೇಳಲಿಲ್ಲ."

"ಹಳದಿ ಫಾರಂನಲ್ಲಿ ಎಲ್ಲ ಇರ್ತದಲ್ಲ. ಇಲ್ಲೇ ಪಿನ್ ಮಾಡಿದೆ ನೋಡಿ, ನೀವೇ ಸಹಿ ಹಾಕಿದೀರ, ಇಂಗ್ಲಿಷಲ್ಲಿ, ಎಷ್ಟು ಚೆಂದ."

"ನನಗೆ ತಮಿಳು ಓದೋಕೆ ಬರಲ್ಲ."

ಆಕೆ ನನ್ನನ್ನು ಮೇಲಿನಿಂದ ಕೆಳಗಿನವರೆಗೆ ನೋಡಿದರು. ಬೇಸರದಿಂದಲ್ಲ, ಆಶ್ಚರ್ಯದಿಂದ. "ಹೆಬ್ಬೆಟ್ಟು ಒತ್ತುವವರಿಗಾದರೆ ನಾವೇ ಓದಿ ಹೇಳಬೇಕಮ್ಮ, ಅವರ ಭಾಷೇಲಿ. ಅರ್ಥ ಆಯ್ತಾ ಅಂತ ಮೂರು ಸಲ ಕೇಳ್ತೀವಿ, ಸಾಕ್ಷಿ ಹಾಕಿಸ್ತೀವಿ. ಸಹಿ ಹಾಕೋರಿಗೆ ಯಾರಾದರೂ ಓದಿ ಹೇಳ್ತಾರಾ? ಕೋಪ ಮಾಡ್ಕೊಳಲ್ವಾ ಅವರು?"

ನಾನು ಸಹಿ ಹಾಕಿದ ಆ ಸಂಜೆ ಪಕ್ಕದ ಮಂಚದಲ್ಲಿ ಶೂಳಗಿರಿಯ ಕಡೆಯ ಒಬ್ಬ ಹೆಂಗಸಿದ್ದಳು. ಇದೇ ನರ್ಸಮ್ಮ ಅವಳ ಹತ್ತಿರ ಕೂತು ತೆಲುಗಿನಲ್ಲಿ ಏನೋ ಓದಿ ಹೇಳುತ್ತಿದ್ದುದು, ಅವಳು "ವದ್ದಮ್ಮಾ, ವದ್ದು" ಎಂದು ತಲೆಯಾಡಿಸಿ ಬೇಡವೆಂದದ್ದು ನೆನಪಾಯಿತು. ಪಾಪ, ಓದಲು ಬಾರದವಳು ಎಂದುಕೊಂಡಿದ್ದೆ ನಾನು.

ರಿಜಿಸ್ಟರಿನ ಆ ಸಾಲಿನ ಕೊನೆಯ ಮನೆಯಲ್ಲಿ ಇನ್ನೊಂದು ಸಹಿಯಿತ್ತು. ತಮಿಳು ಅಕ್ಷರ. ನನಗೆ ಅದನ್ನು ಓದಬೇಕಾಗಿರಲಿಲ್ಲ. ಮಗಳ ಮಾರ್ಕ್ಸ್ ಕಾರ್ಡಿನ ಮೇಲೆ ವರ್ಷಕ್ಕೆ ಮೂರು ಸಲ ನೋಡುವ ಸಹಿ.

"ಇದು ಗಂಡನ ಒಪ್ಪಿಗೆಯಾ?" ಅಂತ ಕೇಳಿದೆ.

"ಅಲ್ಲಮ್ಮ. ಅದು ಕೇಸ್ ಕರಕೊಂಡು ಬಂದವರ ಸಹಿ. ಆಗ ಸರ್ಕಾರದ ಕೆಲಸದಲ್ಲಿ ಇರೋರೆಲ್ಲ ಈ ಆಪರೇಷನ್ನಿಗೆ ಕೇಸ್ ತರಬೇಕಿತ್ತಲ್ಲ. ಇವರು ನಿಮ್ಮನ್ನ ತಂದಿದಾರೆ."

ಎರಡು ದಿನ ಬಿಟ್ಟು, ಭಾನುವಾರ. ಮಗಳು ಪಕ್ಕದ ಮನೆಗೆ ಆಡಲು ಹೋಗಿದ್ದಳು. ಅವರು ಊಟ ಮುಗಿಸಿ ಪೇಪರು ಓದುತ್ತಿದ್ದರು. ನಾನು ಎದುರಿಗೆ ಕೂತು ಕೇಳಿದೆ.

"ರೀ, ಆಸ್ಪತ್ರೆಯ ಎರಡನೆಯ ಹಾಳೆಯಲ್ಲಿ ಏನಿತ್ತು?"

ಯಾವ ಆಸ್ಪತ್ರೆ, ಯಾವ ಹಾಳೆ ಎಂದು ಅವರು ಕೇಳಲಿಲ್ಲ. ಪೇಪರನ್ನು ನಾಲ್ಕಾಗಿ ಮಡಿಚಿದರು. ಮಡಿಕೆಯ ಮೇಲೆ ಉಗುರಿನಿಂದ ಗೀರಿದರು.

"ಡಾಕ್ಟರಮ್ಮ ನನ್ನನ್ನ ಆಚೆ ಕರೆದು ಹೇಳಿದ್ರು. ಹಳೇ ಹೊಲಿಗೆ ತೆಳ್ಳಗಾಗಿರೋ ಹಾಗಿದೆ, ಇನ್ನೊಂದು ಸಲ ಬಸುರಿ ಆದ್ರೆ ಒಡೆದು ಪ್ರಾಣಕ್ಕೆ ಬರತ್ತೆ ಅಂತ."

"ಅದನ್ನ ನನಗೇ ಹೇಳಬಹುದಿತ್ತಲ್ಲ."

"ಹೇಳಿದ್ರೆ ನೀನು ಸುಮ್ಮನಿರ್ತಿದ್ಯಾ? ನೂರು ಪ್ರಶ್ನೆ ಕೇಳ್ತಿದ್ದೆ. ಪುಸ್ತಕ ತೆಗೀತಿದ್ದೆ. ಬೆಂಗಳೂರಿಗೆ ಹೋಗೋಣ ಅಂತಿದ್ದೆ."

"ಹೌದು. ಅಂತಿದ್ದೆ."

"ಎರಡು ಮಕ್ಕಳಾಗ್ತಾವೆ, ಸಾಕು ಅಂದ್ಕೊಂಡೆ. ಆ ಮಗು ಹೋಗತ್ತೆ ಅಂತ ನನಗೇನು ಗೊತ್ತಿತ್ತು? ಹೋದಮೇಲೆ ಯಾವ ಬಾಯಲ್ಲಿ ಹೇಳ್ಲಿ ನಿನಗೆ?"

ಅವರ ಕಣ್ಣಲ್ಲಿ ನೀರಿತ್ತು. ಅಷ್ಟಕ್ಕೇ ನಿಂತಿದ್ದರೆ ನಾನು ಕ್ಷಮಿಸಿಬಿಡುತ್ತಿದ್ದೆನೇನೋ.

"ಥರ್ಮಾಮೀಟರು ಒದರಿ ಕೊಡ್ತಿದ್ರಲ್ಲ, ದಿನಾ. ಆಗ ಏನನ್ನಿಸ್ತಿತ್ತು ನಿಮಗೆ?"

"ನೀನು ಅದರಲ್ಲಿ ಸಮಾಧಾನವಾಗಿದ್ದೆ."

"ರಿಜಿಸ್ಟರಿನಲ್ಲಿ ಕೇಸ್ ತಂದವರು ಅಂತ ನಿಮ್ಮ ಸಹಿ ಇದೆ."

ಇದು ಅವರು ನಿರೀಕ್ಷಿಸದ ಪೆಟ್ಟು. ನಾನು ಅಲ್ಲಿಯವರೆಗೆ ಹೋಗಿರುತ್ತೇನೆಂದು ಅವರು ಎಣಿಸಿರಲಿಲ್ಲ. ಮಡಿಚಿದ ಪೇಪರನ್ನು ಮತ್ತೆ ಬಿಡಿಸಿದರು.

"ಆ ವರ್ಷ ಆಫೀಸಲ್ಲಿ ಒಬ್ಬೊಬ್ಬರೂ ಒಬ್ಬರನ್ನ ತರಬೇಕಿತ್ತು. ತರದಿದ್ದೋರನ್ನ ದೂರದ ಊರಿಗೆ ಎತ್ತಿ ಹಾಕ್ತೀವಿ ಅಂತಿದ್ರು. ಹಳ್ಳಿ ಹಳ್ಳಿ ತಿರುಗಿದೆ, ನನಗೆ ಯಾರೂ ಸಿಗಲಿಲ್ಲ. ನಿನಗೆ ಹೇಗೂ ಮಾಡೋದೇ ಇತ್ತಲ್ಲ, ಯಾರ ಲೆಕ್ಕಕ್ಕೆ ಬಂದ್ರೇನು ಅಂತ..."

ಹೇಗೂ. ಆ ಒಂದು ಮಾತನ್ನು ನಾನು ಎಷ್ಟು ವರ್ಷ ತಿರುಗಿಸಿ ತಿರುಗಿಸಿ ನೋಡಿದ್ದೇನೆ. ಮೊದಲು ಯಾವುದು ಬಂತು, ತೆಳ್ಳಗಾದ ಹೊಲಿಗೆಯೋ, ಆಫೀಸಿನ ಲೆಕ್ಕವೋ? ನರ್ಸಮ್ಮ ಓದಿ ಹೇಳಿದ ರಿಜಿಸ್ಟರಿನಲ್ಲಿ ಹೊಲಿಗೆಯ ಮಾತು ಇರಲಿಲ್ಲ. ಹೇಳಬೇಕಾದ ಡಾಕ್ಟರಮ್ಮ ಸಿಗಲಿಲ್ಲ. ಬೆಂಗಳೂರಿನ ಡಾಕ್ಟರನ್ನು ಕೇಳಿದ್ದಕ್ಕೆ, "ಇದ್ದಿರಬಹುದು, ಇಲ್ಲದೆಯೂ ಇರಬಹುದು, ಹೊಟ್ಟೆ ತೆರೆದು ನೋಡಿದವರಿಗೇ ಗೊತ್ತು," ಅಂದರು. ಊರಿನವರ ಮಾತ್ರೆಗಳ ಹೆಸರೆಲ್ಲ ಬಾಯಲ್ಲಿಟ್ಟುಕೊಂಡ ನನಗೆ ನನ್ನದೇ ಹೊಟ್ಟೆಯ ವಿಷಯ ಇವತ್ತಿಗೂ ಗೊತ್ತಿಲ್ಲ. ಗೊತ್ತಿರುವವರು ಒಬ್ಬರೇ, ಅವರು ಹೇಳಿದ್ದನ್ನು ನಂಬುವ ಶಕ್ತಿ ನನ್ನಲ್ಲಿ ಉಳಿಯಲಿಲ್ಲ.

ನಾವು ಬೇರೆಯಾಗಲಿಲ್ಲ. ಜಗಳವೂ ಆಡಲಿಲ್ಲ. ನೋಟುಪುಸ್ತಕವನ್ನು ಹಂಡೆಯ ಒಲೆಗೆ ಹಾಕಿದೆ. ಒಂದು ಹಂಡೆ ನೀರು ಅರ್ಧ ಕಾಯುವಷ್ಟು ಉರಿಯಿತು. ಮಗಳ ಹಳೆಯ ಪಾಠಪುಸ್ತಕ ಇಟ್ಟುಕೊಂಡು ತಮಿಳು ಅಕ್ಷರ ಕಲಿತೆ. ಅವರು ತರುವ ಕಾಗದಗಳನ್ನು ಕೈಯಿಂದ ತೆಗೆದುಕೊಂಡು, ಅಕ್ಷರ ಕೂಡಿಸಿಕೊಂಡು, ಎಷ್ಟು ಹೊತ್ತಾದರೂ ನಾನೇ ಓದುತ್ತೇನೆ. ಅವರು ನಿಂತಿರುತ್ತಾರೆ. ಸಣ್ಣದೊಂದು ಕೆಮ್ಮು ಕೂಡ ಕೆಮ್ಮುವುದಿಲ್ಲ.

ಮಗಳು ಹೈಸ್ಕೂಲಿಗೆ ಸೇರಿದ ವರ್ಷ, ಒಂದು ದಿನ ನಾನು ಅಕ್ಕಿ ಆರಿಸುತ್ತಿದ್ದಾಗ ಅವರು ಬಾಗಿಲಿಗೆ ಒರಗಿ ನಿಂತು ಕೇಳಿದರು.

"ಅವತ್ತು ಎಲ್ಲ ಹೇಳಿ ಕೇಳಿದ್ದಿದ್ರೆ ನೀನು ಒಪ್ತಿದ್ಯಾ?"

ಈ ಪ್ರಶ್ನೆಗೆ ಉತ್ತರ ನನ್ನ ಹತ್ತಿರ ಆಗಲೇ ಇತ್ತು. ಕೃಷ್ಣಗಿರಿಯಿಂದ ವಾಪಸು ಬರುವ ಬಸ್ಸಿನಲ್ಲೇ ಅದು ಬಂದಿತ್ತು. ಒಪ್ಪುತ್ತಿದ್ದೆ. ಐದು ವರ್ಷದ ಮಗಳನ್ನು ಮನೆಯಲ್ಲಿ ಬಿಟ್ಟು ಬಂದವಳು, ಪ್ರಾಣಕ್ಕೆ ಅಪಾಯವೆಂದರೆ ಒಪ್ಪದೆ ಇರುತ್ತಿದ್ದೆನೆ? ನೂರು ಪ್ರಶ್ನೆ ಕೇಳುತ್ತಿದ್ದೆ, ಅತ್ತುಬಿಡುತ್ತಿದ್ದೆ, ಆಮೇಲೆ ಆ ಹಳದಿ ಹಾಳೆಗೆ ನಾನೇ ಸಹಿ ಹಾಕುತ್ತಿದ್ದೆ.

ಅದನ್ನು ಹೇಳಿದರೆ ಅವರಿಗೆ ನೆಮ್ಮದಿಯಾಗುತ್ತಿತ್ತೋ, ಇನ್ನೂ ನೋವಾಗುತ್ತಿತ್ತೋ ನನಗೆ ತಿಳಿಯದು. ಉತ್ತರಕ್ಕಾಗಿ ಅವರು ಸ್ವಲ್ಪ ಹೊತ್ತು ನಿಂತೇ ಇದ್ದರು. ನಾನು ಒಂದು ಕಲ್ಲು ಆರಿಸಿ ಪಕ್ಕಕ್ಕೆ ಹಾಕಿದೆ. ಹೇಳಲಿಲ್ಲ. ಇವತ್ತಿಗೂ ಹೇಳಿಲ್ಲ.